“ದೊಡ್ಡಾಕಿ ಇಷ್ಟೊತ್ತಿಗೆ ಓಡ್ಯಾಡ್ತಿದ್ಲಲ್ಲ, ಇವ ಯಾಕ ಇನ್ನಾ ನಡೀವಲ್ಲ?”

ಕಾಯಿಪಲ್ಲೆ ತರಲು ಮಗನನ್ನು ಎತ್ತಿಕೊಂಡು ಹೊರಟರೆ ಸಾಕು, ಓಣಿ ದಾಟುವುದರೊಳಗೆ ಇಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಮದುವೆ ಮನೆಯಲ್ಲಿ ಕೇಳುತ್ತಾರೆ. ಸಿಂಧನೂರಿನ ತವರಿನಿಂದ ಫೋನು ಬಂದರೆ ಊಟ ಆಯ್ತಾ ಅನ್ನುವುದಕ್ಕಿಂತ ಮೊದಲು ಇದೇ ಬರುತ್ತದೆ. ಕೇಳುವವರೆಲ್ಲ ಪ್ರೀತಿಯಿಂದಲೇ ಕೇಳುತ್ತಾರೆ, ನನಗೆ ಗೊತ್ತು. ಮೊದಮೊದಲು “ನಡೀತಾನ ಬಿಡ್ರಿ” ಅಂದು ಮುಂದೆ ಹೋಗಿಬಿಡುತ್ತಿದ್ದೆ. ಈಗ ನಿಂತು ಉತ್ತರ ಕೊಡುತ್ತೇನೆ. ಓಣಿಯಲ್ಲಿ ನಿಂತು ಪೂರ್ತಿ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಆರು ವರ್ಷ, ಮಗನಿಗೆ ಹದಿನಾಲ್ಕು ತಿಂಗಳು. ಮನೆಯಲ್ಲಿ ದೊಡ್ಡಾಕಿ, ಸಣ್ಣಾಂವ ಅಂತಲೇ ಕರೆಯುತ್ತೇವೆ. ಸಣ್ಣಾಂವ ಇನ್ನೂ ನಡೆದಿಲ್ಲ. ಅಂಬೆಗಾಲೂ ಇಡಲಿಲ್ಲ. ಕುಂತಲ್ಲಿಂದ ಒಂದು ಕಾಲು ಮಡಚಿ, ಇನ್ನೊಂದು ಕಾಲು ಮುಂದಕ್ಕೆ ಚಾಚಿ, ಬಲಗೈಯನ್ನು ದೋಣಿಯ ಹುಟ್ಟು ಹಾಕಿದಂತೆ ನೆಲಕ್ಕೆ ಊರಿ, ಕುಂಡಿ ಜಾರಿಸುತ್ತ ಪಡಸಾಲೆಯಿಂದ ಅಡುಗೆ ಮನೆಗೆ ಬರುತ್ತಾನೆ. ನಮ್ಮದು ಶಹಾಬಾದಿ ಪರಸಿಯ ನೆಲ. ಪ್ರತಿ ಸಲ ಸರಕ್ ಅನ್ನುವ ಸದ್ದು ಬರುತ್ತದೆ. ರೊಟ್ಟಿ ಬಡಿಯುತ್ತ ಕುಂತಾಗ ಆ ಸದ್ದು ಹೊಸ್ತಿಲ ಹತ್ತಿರ ನಿಂತಿತೆಂದರೆ, ಒಳಗೆ ಬರಲು ಹೊಸ್ತಿಲಿನ ಎತ್ತರ ಅಳೆಯುತ್ತಿದ್ದಾನೆ ಅಂತ ತಿರುಗಿ ನೋಡದೆಯೇ ತಿಳಿಯುತ್ತದೆ. ಎಡ ಮೊಣಕಾಲು ಹೊಸ್ತಿಲ ಮೇಲಿಟ್ಟು, ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದು, ನಿಂತು, ಮತ್ತೆ ಕುಳಿತು ಇಳಿಯುತ್ತಾನೆ. ಅಷ್ಟು ಕೆಲಸಕ್ಕೆ ಅವನಿಗೆ ಎರಡು ನಿಮಿಷ ಬೇಕು. ಆ ಎರಡು ನಿಮಿಷ ನಾನು ಕೈ ಚಾಚುವುದಿಲ್ಲ.

ಇನ್ನು ದೊಡ್ಡಾಕಿಯ ವಿಷಯ. “ಹತ್ತು ತಿಂಗಳಿಗೇ ನಡದ್ಲು” ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನಮ್ಮ ಅತ್ತಿ ಹೇಳುತ್ತಾರೆ, ನನ್ನವ್ವ ಹೇಳುತ್ತಾಳೆ, ನಾನೂ ಹಾಗೇ ನಂಬಿಕೊಂಡಿದ್ದೆ. ಹೋದ ತಿಂಗಳು ಒಂದು ರಾತ್ರಿ ನಿದ್ದೆ ಬಾರದೆ ಹಳೆಯ ಫೋನು ಚಾರ್ಜಿಗೆ ಹಾಕಿ ಅವಳ ಫೋಟೋ ನೋಡುತ್ತ ಕುಳಿತೆ. ಅವಳು ಹುಟ್ಟಿದ್ದು ನವೆಂಬರ್ ಕೊನೆಯಲ್ಲಿ. ಮರುವರ್ಷ ದಾಟಿ ಬಂದ ಜನವರಿಯ ಕೊಪ್ಪಳದ ಗವಿಮಠದ ಜಾತ್ರೆಯ ಫೋಟೋಗಳಿದ್ದವು. ತೇರಿನ ದಿನ ಅವಳು ನನ್ನ ತಮ್ಮನ ಹೆಗಲ ಮೇಲೆ ಕುಳಿತಿದ್ದಾಳೆ, ದಾಸೋಹದಲ್ಲಿ ಮಾದಲಿ ತಿಂದ ಬಾಯಿ ಹಾಗೇ ಇದೆ. ಅದರ ಮುಂದೆ, ಮರುದಿನದ ತಾರೀಖಿನಲ್ಲಿ, ಹದಿನೇಳು ಸೆಕೆಂಡಿನ ಒಂದು ವಿಡಿಯೋ. ಅಜ್ಜನ ಬೆರಳು ಬಿಟ್ಟು ಒಂದು, ಎರಡು, ಮೂರು ಹೆಜ್ಜೆ ಇಟ್ಟು ಧೊಪ್ ಅಂತ ಕುಳಿತುಕೊಳ್ಳುತ್ತಾಳೆ. ಹಿಂದಿನಿಂದ ನನ್ನದೇ ದನಿ: “ನಡದ್ಲು! ನೋಡ್ರೀ, ಇವತ್ತ ನಡದ್ಲು!”

ಲೆಕ್ಕ ಹಾಕಿದೆ. ಹದಿಮೂರೂವರೆ ತಿಂಗಳು. ಹತ್ತು ತಿಂಗಳಿಗೆ ಅವಳು ಮಂಚ ಹಿಡಿದು ನಿಂತಿದ್ದಳು. ಆ ನಿಂತದ್ದು ಆರು ವರ್ಷದಲ್ಲಿ ಎಲ್ಲರ ನೆನಪಿನಲ್ಲಿ ನಡಿಗೆಯಾಗಿಬಿಟ್ಟಿತ್ತು. ಅಂದರೆ ನನ್ನ ಮಗನನ್ನು ನಾವೆಲ್ಲ ಹೋಲಿಸುತ್ತಿದ್ದದ್ದು ನಿಜವಾದ ಅಕ್ಕನ ಜೊತೆಗಲ್ಲ, ನಮ್ಮ ನೆನಪು ಬೆಳೆಸಿದ ಒಬ್ಬ ಅಕ್ಕನ ಜೊತೆಗೆ. ಅವತ್ತು ಬಹಳ ಹೊತ್ತು ಅವನ ಪಾದ ಹಿಡಿದುಕೊಂಡು ಕುಳಿತಿದ್ದೆ. ಆರು ತಿಂಗಳಿಂದ ಅವನ ಕಾಲನ್ನು ನಾನು ಸಂಶಯದಿಂದ ನೋಡುತ್ತಿದ್ದೆನಲ್ಲ ಅಂತ ಹೊಟ್ಟೆ ಉರಿಯಿತು.

ಇದರ ಬಗ್ಗೆ ಅಳತೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಕ್ಕಳ ಬೆಳವಣಿಗೆಯ ಹೊಸ ಮಾನದಂಡ ಪ್ರಕಟಿಸಿತು. ಅದರಲ್ಲಿ ಕೂರುವುದು, ನಿಲ್ಲುವುದು, ನಡೆಯುವುದನ್ನು ತಿಳಿಯಲು ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ, ಈ ಐದು ದೇಶಗಳ 816 ಮಕ್ಕಳನ್ನು ಮನೆಗೆ ಹೋಗಿ ಹೋಗಿ ನೋಡಿದ್ದರು. ಒಳ್ಳೆಯ ಆರೈಕೆ ಇದ್ದ, ಆರೋಗ್ಯವಾಗಿದ್ದ ಮಕ್ಕಳು ಅವು. ಅವರಲ್ಲೇ ಆಸರೆ ಇಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳವರೆಗೆ ಹರಡಿತ್ತು. ತಾನೇ ನಡೆಯುವುದು 8.2ರಿಂದ 17.6 ತಿಂಗಳವರೆಗೆ. ಒಂಬತ್ತು ತಿಂಗಳಿಗಿಂತ ಜಾಸ್ತಿ ಅಂತರ! ಇನ್ನೂ ಒಂದು ಮಾತು ನನಗೆ ಬಹಳ ಸಮಾಧಾನ ಕೊಟ್ಟಿತು. ಆ ಮಕ್ಕಳಲ್ಲಿ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಕುಂಡಿ ಜಾರಿಸುವ ಮಕ್ಕಳು ಸಾಮಾನ್ಯವಾಗಿ ನಡೆಯುವುದು ಸ್ವಲ್ಪ ತಡ ಅಂತಲೂ, ಇದು ಕೆಲವು ಮನೆತನಗಳಲ್ಲಿ ಬರುತ್ತದೆ ಅಂತಲೂ ನಮ್ಮ ಮಕ್ಕಳ ಡಾಕ್ಟರು ಹೇಳಿದರು. ಮನೆಗೆ ಬಂದು ನಮ್ಮ ಅತ್ತಿಯವರಿಗೆ ಹೇಳಿದರೆ, ಅವರು ಅವರೆಕಾಯಿ ಸುಲಿಯುತ್ತಲೇ “ನಿನ್ನ ಗಂಡನೂ ಹಂಗ ಜಾರಾಡತಿದ್ದನವ್ವ, ಎಷ್ಟ ಚಡ್ಡಿ ಹರಕೊಂಡಿದ್ದ” ಅಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, “ನೀ ಕೇಳಿದ್ದು ದೊಡ್ಡಾಕೀದು, ಅವನದು ಕೇಳಲಿಲ್ಲಲ್ಲ” ಅಂದರು. ಖರೇನೇ.

ಇಷ್ಟೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ಹೋಲಿಕೆಯಿಂದ ಬರೀ ಸುಳ್ಳು ಚಿಂತೆ ಬಂದಿದ್ದರೆ ತಡೆದುಕೊಳ್ಳಬಹುದಿತ್ತು. ನಮಗೆ ಅದು ಸುಳ್ಳು ಧೈರ್ಯವನ್ನೂ ಕೊಟ್ಟಿತ್ತು, ಮತ್ತು ಅದು ಇನ್ನೂ ಕೆಟ್ಟದ್ದು.

ದೊಡ್ಡಾಕಿ ಹುಟ್ಟಿದಾಗ 2.6 ಕಿಲೋ. ಸಣ್ಣ ಮೈಕಟ್ಟಿನ ಕೂಸು. ಒಂದು ವರ್ಷಕ್ಕೆ 7.8 ಕಿಲೋ, ಹುಟ್ಟಿದ್ದರ ಮೂರು ಪಟ್ಟು. ತಾಯಿ ಕಾರ್ಡಿನಲ್ಲಿ ಹೆಣ್ಣುಮಕ್ಕಳ ತೂಕ ಗುರುತಿಸುವ ಗುಲಾಬಿ ಬಣ್ಣದ ಚಾರ್ಟಿನಲ್ಲಿ ಅವಳ ಗೆರೆ ಕೆಳಗೇ ಇತ್ತು, ಆದರೆ ಎಲ್ಲೂ ನಿಲ್ಲದೆ ಮೇಲಕ್ಕೇ ಹೋಯಿತು. ಸಣ್ಣಾಂವ ಹುಟ್ಟಿದ್ದು ಜುಲೈನಲ್ಲಿ, 3.2 ಕಿಲೋ. ಆರು ತಿಂಗಳಿಗೆ 7.8. ತುಂಬಿದ ಗಲ್ಲ, ಮಡಿಕೆ ಬಿದ್ದ ತೊಡೆ. ನೋಡಿದವರೆಲ್ಲ ದೃಷ್ಟಿ ತೆಗೆಯಿರಿ ಅನ್ನುತ್ತಿದ್ದರು. ಮಾರ್ಚಿನಲ್ಲಿ ತೂಕ ಮಾಡಿಸಿದಾಗ 8.5 ಇದ್ದ.

ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಪರಸಿಯೂ ಕಾದು ಕೂಸನ್ನು ನೆಲಕ್ಕೆ ಬಿಡಲು ಮನಸ್ಸಾಗುವುದಿಲ್ಲ. ಏಪ್ರಿಲ್, ಮೇ ಎರಡೂ ತಿಂಗಳು ಅವನು ಹೆಚ್ಚಾಗಿ ಕೂಲರ್ ಮುಂದೆ ಮಂಚದ ಮೇಲೇ ಇದ್ದ. ದೊಡ್ಡಾಕಿಗೆ ಅದೇ ವಯಸ್ಸು ಬಂದದ್ದು ಮಳೆಗಾಲದಲ್ಲಿ, ಅವಳು ತಂಪು ನೆಲದ ಮೇಲೆ ದಿನವೆಲ್ಲ ಹೊರಳಾಡಿದ್ದಳು. ನಡಿಗೆ ತಡವಾದದ್ದು ಇದರಿಂದಲೇ ಅಂತ ನಾನು ಹೇಳುವುದಿಲ್ಲ. ಆದರೆ ಒಂದೇ ಮನೆಯಲ್ಲಿ ಹುಟ್ಟಿದರು ಅಂದ ಮಾತ್ರಕ್ಕೆ ಇಬ್ಬರಿಗೂ ಒಂದೇ ಬಾಲ್ಯ ಸಿಕ್ಕಿತು ಅಂದುಕೊಳ್ಳಬಾರದು.

ಅದೇ ಏಪ್ರಿಲ್‌ನಲ್ಲಿ ಸಣ್ಣಾಂವನಿಗೆ ಭೇದಿ ಹಿಡಿಯಿತು, ಜೊತೆಗೆ ಜ್ವರ. ಓಆರ್‌ಎಸ್ ಕುಡಿಸಿದೆವು, ಹದಿನಾಲ್ಕು ದಿನ ಝಿಂಕ್ ಮಾತ್ರೆ ಕೊಟ್ಟೆವು, ಎದೆಹಾಲು ನಿಲ್ಲಿಸಲಿಲ್ಲ. ವಾಸಿಯಾಯಿತು. ವಾಸಿಯಾದ ಮೇಲೆ ನಾನೊಂದು ತಪ್ಪು ಮಾಡಿದೆ. ಹೊಟ್ಟೆಗೆ ಹಗುರ ಇರಲಿ ಅಂತ ಬೇಳೆಕಟ್ಟು, ತೆಳ್ಳನೆಯ ಗಂಜಿ, ಇಷ್ಟನ್ನೇ ಮುಂದುವರಿಸಿದೆ. ಏಪ್ರಿಲ್ ಕೊನೆಗೆ 8.4 ಇದ್ದ. ಮೇ ತಿಂಗಳಲ್ಲೂ 8.4. ಮನೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಯಾಕೆಂದರೆ ಅದೇ ಹತ್ತು ತಿಂಗಳಿಗೆ ದೊಡ್ಡಾಕಿ 7.3 ಇದ್ದಳು. “ಅಕ್ಕಗಿಂತ ಒಂದ ಕಿಲೋ ಜಾಸ್ತಿ ಅದಾನ, ಗುಂಡಗ ಅದಾನ, ಇನ್ನೇನ ಬೇಕು” ಅಂತ ನಾನೇ ನನ್ನವ್ವನಿಗೆ ಹೇಳಿದ್ದೆ.

ಹಿಡಿದವರು ನಮ್ಮ ಓಣಿಯ ಅಂಗನವಾಡಿ ಟೀಚರು. ತಕ್ಕಡಿಯಿಂದ ಕೂಸನ್ನು ಇಳಿಸಿ ನನ್ನ ಕೈಗೆ ಕೊಟ್ಟು, ನೀಲಿ ಚಾರ್ಟಿನ ಮೇಲೆ ಚುಕ್ಕೆ ಇಟ್ಟರು. ಪೆನ್ನಿನಿಂದ ಹಿಂದಿನ ಮೂರು ಚುಕ್ಕೆ ಕೂಡಿಸಿ, ಕಾರ್ಡು ನನ್ನ ಕಡೆ ತಿರುಗಿಸಿದರು. “ಇಲ್ಲೀತನ ಏರಿತ್ತು ನೋಡ್ರಿ. ಇಲ್ಲಿಂದ ಮಲಕೊಂಡತಿ.” ನಾನು ತೂಕ ಸರಿಯಿದೆ ಅನ್ನುವ ಹಸಿರು ಪಟ್ಟಿಯಲ್ಲೇ ಇದೆಯಲ್ಲ ಅಂದೆ. “ಹಸಿರೊಳಗ ಅದಾನ, ಆದ್ರ ಬೆಳೀವಲ್ಲ” ಅಂದರು. ಅಕ್ಕ ಇದೇ ವಯಸ್ಸಿಗೆ ಇನ್ನೂ ಕಡಿಮೆ ಇದ್ದಳು ಅಂತ ನಾನು ಹೇಳಲು ಹೋದೆ. ಅವರು ನಡುವೆಯೇ ತಡೆದರು: “ಆಕೀ ಕಾರ್ಡ್ ಮನ್ಯಾಗಿಡ್ರಿ ಅಕ್ಕಾರ. ಇದು ಇವನ ಕಾರ್ಡ್.”

ಆ ಸರಕಾರಿ ಕಾರ್ಡನ್ನು ಅಷ್ಟು ದಿನ ಲಸಿಕೆಯ ತಾರೀಖಿಗೆ ಮಾತ್ರ ನೋಡುತ್ತಿದ್ದೆ. ಅದರಲ್ಲಿರುವ ಗೆರೆ ಎಲ್ಲಿದೆ ಅನ್ನುವುದಕ್ಕಿಂತ ಯಾವ ಕಡೆಗೆ ಹೊರಟಿದೆ ಅನ್ನುವುದನ್ನು ನೋಡಬೇಕು ಅಂತ ಅವತ್ತು ತಿಳಿಯಿತು. ಕೆಳಗಿದ್ದು ಏರುತ್ತಿದ್ದ ದೊಡ್ಡಾಕಿ ಚೆನ್ನಾಗಿದ್ದಳು. ಮೇಲಿದ್ದು ಅಡ್ಡಡ್ಡ ಹೋಗುತ್ತಿದ್ದ ಸಣ್ಣಾಂವ ಚೆನ್ನಾಗಿರಲಿಲ್ಲ. ಅಕ್ಕನ ಪಕ್ಕದಲ್ಲಿಟ್ಟು ನೋಡಿದ್ದರಿಂದ ನನಗೆ ಅದು ಕಾಣಲೇ ಇಲ್ಲ.

ಟೀಚರು ಬೈಯಲಿಲ್ಲ. ಬೇಳೆಕಟ್ಟಿನಲ್ಲಿ ನೀರೇ ಹೆಚ್ಚು, ಬೇಳೆಯನ್ನೇ ಅನ್ನದ ಜೊತೆ ಕಿವುಚಿ ಗಟ್ಟಿಯಾಗಿ ಕೊಡಿ, ಒಂದು ಚಮಚ ತುಪ್ಪ ಹಾಕಿ, ದಿನಕ್ಕೆ ಮೂರು ನಾಲ್ಕು ಸಲ ಊಟ, ನಡುವೆ ಬಾಳೆಹಣ್ಣು ಅಂದರು. ಚಮಚದಿಂದ ಜಾರಿ ಬೀಳಬಾರದು, ಅಷ್ಟು ಗಟ್ಟಿ ಇರಬೇಕು ಅಂತ ತೋರಿಸಿಕೊಟ್ಟರು. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ, ಅದಕ್ಕೆ ಹುರಿದ ಶೇಂಗಾವನ್ನು ನುಣ್ಣಗೆ ಪುಡಿ ಮಾಡಿ ಅನ್ನದಲ್ಲಿ ಕಲಸುತ್ತಿದ್ದೆ. ಅಂಗನವಾಡಿಯ ಪುಷ್ಟಿ ಪುಡಿಯನ್ನೂ ಹಾಲಿನಲ್ಲಿ ಬೇಯಿಸಿ ಕೊಟ್ಟೆ. ಜುಲೈನಲ್ಲಿ ವರ್ಷ ತುಂಬಿದಾಗ 9.1, ಈ ತಿಂಗಳು 9.7. ಗೆರೆ ಮತ್ತೆ ಎದ್ದಿದೆ. ಮಲಗಿ ಎದ್ದ ಕೂಸಿನ ಹಾಗೇ ಕಾಣುತ್ತದೆ ನನಗೆ ಅದು.

ಮಾತಿನ ಬಗ್ಗೆಯೂ ಕೇಳುತ್ತಾರೆ. ವರ್ಷಕ್ಕೇ ದೊಡ್ಡಾಕಿ ಅವ್ವ, ಅಜ್ಜ, ಬಾ, ಕೊಡು ಅನ್ನುತ್ತಿದ್ದಳು, ಇದಕ್ಕೆ ಅಜ್ಜ ಬರೆದಿಟ್ಟ ಡೈರಿಯೇ ಸಾಕ್ಷಿ. ಸಣ್ಣಾಂವನದು ಅವ್ವ ಮತ್ತು ಅಕ್ಕ, ಎರಡೇ. ಅವನಿಗೆ ಬೇಕಾಗಿಯೂ ಇಲ್ಲ. ನಿನ್ನೆ ನೋಡುತ್ತಿದ್ದೆ. ಕುಂತಲ್ಲಿಂದಲೇ ಕಟ್ಟೆಯ ಮೇಲಿನ ಚರಗಿಯ ಕಡೆ ಬೆರಳು ಮಾಡಿ “ಊಂ” ಅಂದ. ಹೋಂವರ್ಕ್ ಬರೆಯುತ್ತಿದ್ದ ಅಕ್ಕ ತಲೆ ಎತ್ತದೆಯೇ “ನೀರ ಬೇಕಂತವ್ವ ಅವಗ” ಅಂದಳು. ಆಮೇಲೆ ತಾನೇ ಎದ್ದು ಕುಡಿಸಿ, ಸೆರಗಿಲ್ಲದ್ದಕ್ಕೆ ತನ್ನ ಲಂಗದ ಅಂಚಿನಿಂದ ಬಾಯಿ ಒರೆಸಿದಳು. ದೊಡ್ಡಾಕಿಗೆ ಹೀಗೆ ಓಡಿ ಬರುವ ಅಕ್ಕ ಇರಲಿಲ್ಲ. ಬೇಕಾದದ್ದಕ್ಕೆ ತಾನೇ ಹೋಗಬೇಕಿತ್ತು, ತಾನೇ ಕೇಳಬೇಕಿತ್ತು. ಹೆಸರು ಹಿಡಿದು ಕರೆದರೆ ಸಣ್ಣಾಂವ ತಿರುಗುತ್ತಾನೆ, ಕಣ್ಣಲ್ಲಿ ಕಣ್ಣಿಟ್ಟು ನಗುತ್ತಾನೆ, ಬೆರಳು ಮಾಡಿ ತೋರಿಸಿ ನಾವು ನೋಡಿದೆವೋ ಇಲ್ಲವೋ ಅಂತ ನಮ್ಮ ಮುಖ ನೋಡುತ್ತಾನೆ. ಇವಿಷ್ಟು ಇವೆಯಾ ಅಂತಲೇ ಡಾಕ್ಟರು ಮೊದಲು ಕೇಳಿದ್ದು.

ನಾನು ಸುಮ್ಮನೆ ಕುಳಿತುಕೊಳ್ಳಿ ಅಂತ ಯಾರಿಗೂ ಹೇಳುತ್ತಿಲ್ಲ. ಒಂಬತ್ತು ತಿಂಗಳಾದರೂ ಕೂರದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ, ಕರೆದರೆ ತಿರುಗದಿದ್ದರೆ, ಒಂದೇ ಕೈ ಒಂದೇ ಕಾಲು ಮಾತ್ರ ಬಳಸುತ್ತಿದ್ದರೆ ತೋರಿಸಲೇಬೇಕು. ಕಲಿತಿದ್ದ ಮಾತನ್ನೋ ಆಟವನ್ನೋ ಕೂಸು ಬಿಟ್ಟುಬಿಟ್ಟರೆ ಒಂದು ದಿನವೂ ಕಾಯಬಾರದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೇ ಡಾಕ್ಟರು ಬಂದು ಮಕ್ಕಳನ್ನು ನೋಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. “ನಮ್ಮ ದೊಡ್ಡಾಂವಂದೂ ತಡಾನೇ ಆಗಿತ್ತು” ಅಂತ ಅದನ್ನು ಬಿಡಬೇಡಿ. ಅದೂ ಹೋಲಿಕೆಯೇ.

ಕೇಳುವವರಿಗೆ ನನ್ನದೊಂದು ಬೇಡಿಕೆ. ಈ ಪ್ರಶ್ನೆಯನ್ನು ದೊಡ್ಡಾಕಿಯ ಮುಂದೆ ಕೇಳಬೇಡಿ. ಒಂದು ರಾತ್ರಿ ಪಕ್ಕದಲ್ಲಿ ಮಲಗಿದವಳು, ತಮ್ಮ ನಿದ್ದೆ ಹೋದ ಮೇಲೆ, ಮೆಲ್ಲಗೆ ಕೇಳಿದಳು: “ಯವ್ವಾ, ನಾ ಜಲ್ದಿ ನಡದ್ನಿ ಅಂತ ತಮ್ಮಗ ನಡ್ಯಾಕ ಬರವಲ್ದೇನು?” ತಾನು ಮಾಡಿದ್ದೇ ತಪ್ಪೇನೋ ಅನ್ನುವ ದನಿ. ನಾನು ಎದ್ದು ಕುಳಿತು ಆ ಹಳೆಯ ಫೋನು ತೆಗೆದು ಹದಿನೇಳು ಸೆಕೆಂಡಿನ ವಿಡಿಯೋ ತೋರಿಸಿದೆ. ಐದಾರು ಸಲ ನೋಡಿದಳು. “ನಾನೂ ಬಿದ್ನೆಲ್ಲ!” ಅಂತ ನಕ್ಕಳು.

ಜನವರಿಗೆ ಸಣ್ಣಾಂವನಿಗೆ ಹದಿನೆಂಟು ತುಂಬುತ್ತದೆ. ಡಾಕ್ಟರು ಸೊಂಟ, ಕಾಲು ಎಲ್ಲ ನೋಡಿ ಈಗೇನೂ ತೊಂದರೆ ಇಲ್ಲ, ಅಷ್ಟರೊಳಗೆ ನಡೆಯದಿದ್ದರೆ ಕರೆದುಕೊಂಡು ಬನ್ನಿ ಅಂದಿದ್ದಾರೆ. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಗವಿಮಠದ ಜಾತ್ರೆಯೂ ಅದೇ ಸುಮಾರಿಗೆ ಬರುತ್ತದೆ. ತೇರು ನೋಡಲು ತಮ್ಮನ ಕೈ ತಾನೇ ಹಿಡಿದುಕೊಂಡು ಹೋಗುತ್ತೇನೆ ಅಂತ ದೊಡ್ಡಾಕಿ ಈಗಲೇ ಹಟ ಹಿಡಿದಿದ್ದಾಳೆ. ಅಷ್ಟೊತ್ತಿಗೂ ನಡೆಯದಿದ್ದರೆ ಅಂತ ಕೇಳಿದೆ.

“ಮಾಮನ ಹೆಗಲ ಮ್ಯಾಲ ಕುಂದ್ರಸೋಣು. ನಾನೂ ಅಲ್ಲೇ ಕುಂತಿದ್ನೆಲ್ಲ.”