ಮೇ ತಿಂಗಳ ಕೆರೆ ಮತ್ತು ಟೆಂಚ್ ಮೀನು

ಮಾರ್ಚ್ 15ರಿಂದ ಜೂನ್ 15ರವರೆಗೆ ಇಂಗ್ಲೆಂಡಿನ ನದಿಗಳಲ್ಲಿ ರೋಚ್, ಬ್ರೀಮ್, ಪರ್ಚ್, ಕಾರ್ಪ್ ಮೊದಲಾದ ಮೀನುಗಳಿಗೆ ಗಾಳ ಹಾಕುವಂತಿಲ್ಲ. ಅವು ಮೊಟ್ಟೆಯಿಡುವ ಕಾಲದಲ್ಲಿ ತೊಂದರೆಯಾಗಬಾರದು ಎಂಬುದು ಈ ನಿಯಮದ ಹಿಂದಿನ ಕಾರಣ. ಬಹುತೇಕ ಕೆರೆಗಳಿಗೆ ಇದು ಅನ್ವಯಿಸುವುದಿಲ್ಲವಾದ್ದರಿಂದ, ಮೇ ತಿಂಗಳು ಬಂತೆಂದರೆ ನದಿಯ ಗಾಳಗಾರರೂ ಕೆರೆಯ ದಂಡೆ ಹಿಡಿಯುತ್ತಾರೆ. ನಾನಂತೂ ಮೊದಲಿನಿಂದಲೂ ಕೆರೆಯವನೇ; ಹರಿಯುವ ನೀರಿಗಿಂತ ನಿಂತ ನೀರು ನನಗೆ ಹೆಚ್ಚು ಒಗ್ಗುತ್ತದೆ.

ಸಾಲ್ಮನ್ ಮತ್ತು ಟ್ರೌಟ್‌ಗಳನ್ನು ಬಿಟ್ಟು ಉಳಿದ ಸಿಹಿನೀರಿನ ಮೀನುಗಳಿಗೆ ಗಾಳ ಹಾಕುವುದನ್ನು ಇಲ್ಲಿ ಕೋರ್ಸ್ ಫಿಶಿಂಗ್ ಎನ್ನುತ್ತಾರೆ. ಒಳ್ಳೆಯ ಸಾಲ್ಮನ್ ನದಿಯ ದಂಡೆಯಲ್ಲಿ ಒಂದು ದಿನ ನಿಲ್ಲುವುದಕ್ಕೆ ಕೈತುಂಬ ಹಣ ತೆರಬೇಕಾಗುತ್ತದೆ. ಇದಾದರೋ ಕಾರ್ಖಾನೆಯ ಕೆಲಸಗಾರರೂ ಗುಮಾಸ್ತರೂ ಸಂಘ ಕಟ್ಟಿಕೊಂಡು, ವರ್ಷಕ್ಕಿಷ್ಟು ಎಂದು ಚಂದಾ ಹಾಕಿ, ಕೆರೆಗಳನ್ನು ಗುತ್ತಿಗೆ ಹಿಡಿದು ಬೆಳೆಸಿಕೊಂಡು ಬಂದ ಹವ್ಯಾಸ. ಪರಿಸರ ಇಲಾಖೆಯ ಪರವಾನಗಿ ಮಾತ್ರ ಎಲ್ಲರಿಗೂ ಬೇಕು. ಹದಿಮೂರು ತುಂಬಿದ ಹುಡುಗನ ಜೇಬಿನಲ್ಲಿಯೂ ಅದು ಇರಬೇಕು. ನಾನು ಸದಸ್ಯನಾಗಿರುವ ಸಂಘದ ಕೆರೆ ವಾರಿಕ್‌ಶೈರ್‌ನಲ್ಲಿದೆ. ಹಿಂದೊಮ್ಮೆ ಇಟ್ಟಿಗೆಗಾಗಿ ಮಣ್ಣು ತೆಗೆದ ಗುಂಡಿಯಲ್ಲಿ ನೀರು ನಿಂತು ಆದ ಕೆರೆ ಅದು. ನಮ್ಮೂರಿನ ಕೆರೆಗಳಂತೆ ಏರಿಯಾಗಲಿ ತೂಬಾಗಲಿ ಇಲ್ಲ. ಒಂದು ಬದಿಯಲ್ಲಿ ಹಾಥಾರ್ನ್ ಪೊದೆಗಳ ಬೇಲಿ ಇದೆ, ಮೇ ಕೊನೆಯ ವಾರದಲ್ಲಿ ಅದು ಬೆಳ್ಳಗೆ ಹೂಬಿಟ್ಟಿರುತ್ತದೆ. ಇನ್ನೊಂದು ಬದಿಯಲ್ಲಿ ನೈದಿಲೆ ಎಲೆಗಳ ಹಾಸು. ನಾನು ಕೂರುವುದು ಆ ಹಾಸಿನ ಅಂಚಿನಲ್ಲಿ.

ಆ ದಿನಗಳಲ್ಲಿ ಇಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಹುಟ್ಟುತ್ತಾನೆ. ಆ ಶನಿವಾರ ನಾನು ದಂಡೆಗೆ ಬಂದಾಗ ಬೆಳಕು ಆಗಷ್ಟೇ ಹರಿದಿತ್ತು, ನೀರಿನ ಮೇಲೆ ಮಂಜು ಇನ್ನೂ ಕುಳಿತಿತ್ತು. ಇಂಥ ಹೊತ್ತಿನಲ್ಲಿ ಅವಸರದಿಂದ ಗಾಳ ಬೀಸಿಬಿಡಬೇಕೆಂಬ ಚಪಲವಾಗುವುದು ಸಹಜ. ಆದರೆ ನನ್ನ ಮಟ್ಟಿಗೆ ದಿನದ ಮೊದಲ ಸುಖ ಇರುವುದು ಆಳ ಅಳೆಯುವುದರಲ್ಲಿ. ಕೊಕ್ಕೆಗೆ ಒಂದು ತೂಕದ ಗುಂಡನ್ನು ಸಿಕ್ಕಿಸಿ ಇಳಿಬಿಟ್ಟು, ಬೆಂಡನ್ನು ದಾರದ ಮೇಲೆ ಮೇಲಕ್ಕೂ ಕೆಳಕ್ಕೂ ಸರಿಸುತ್ತ, ಅದರ ಕೆಂಪು ತುದಿ ನೀರಿನ ಮಟ್ಟಕ್ಕೆ ಸರಿಯಾಗಿ ಬರುವವರೆಗೆ ಹೊಂದಿಸಬೇಕು. ಹೀಗೆ ಅಲ್ಲಲ್ಲಿ ಇಳಿಬಿಟ್ಟು ನೋಡಿದರೆ ಕಾಣದ ತಳವೊಂದು ಮನಸ್ಸಿನಲ್ಲಿ ರೂಪು ತಳೆಯುತ್ತದೆ: ದಂಡೆಯಿಂದ ಮೂರಡಿ ಆಳದ ಮೆಟ್ಟಿಲು, ಅದರಾಚೆ ಥಟ್ಟನೆ ಆರಡಿಯ ಇಳಿಜಾರು, ಎಲೆಗಳ ಬುಡದಲ್ಲಿ ಮತ್ತೆ ಏರಿದ ಮೆತ್ತನೆಯ ಕೆಸರು. ಮೀನುಗಳು ಮೇಯುತ್ತ ಓಡಾಡುವುದು ಇಳಿಜಾರಿನ ಬುಡದಲ್ಲಿ, ದಾರಿ ಹಿಡಿದು ನಡೆಯುವವರ ಹಾಗೆ.

ಆ ಗುಂಡುಗಳು ಈಗ ಸೀಸದವಲ್ಲ. ದಂಡೆಯಲ್ಲಿ ಬಿದ್ದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ವಿಷವೇರಿ ಸಾಯುತ್ತಿದ್ದುದರಿಂದ, 1987ರಿಂದ ಬಹುತೇಕ ಅಳತೆಯ ಸೀಸದ ಗುಂಡುಗಳನ್ನು ನಿಷೇಧಿಸಲಾಗಿದೆ. ಬದಲಿಗೆ ಬಂದ ಲೋಹ ಸ್ವಲ್ಪ ಗಡಸು, ದಾರಕ್ಕೆ ಕಚ್ಚಿಸುವಾಗ ಬೆರಳು ನೋಯುತ್ತದೆ. ಆದರೆ ಇಂದು ಕೆರೆಯಲ್ಲಿ ಮರಿಗಳೊಡನೆ ತೇಲುವ ಹಂಸಗಳನ್ನು ನೋಡಿದರೆ ಈ ಬೆರಳುನೋವಿನ ಬಗ್ಗೆ ಗೊಣಗುವುದು ನ್ಯಾಯವಲ್ಲ. ಕೊಕ್ಕೆಯೂ ಹಿಮ್ಮುಳ್ಳಿಲ್ಲದ್ದೇ ಆಗಬೇಕೆಂಬುದು ಸಂಘದ ಕಟ್ಟುನಿಟ್ಟು. ನಮ್ಮ ಕೆರೆಯಿಂದ ಹೆಚ್ಚು ದೂರವಲ್ಲದ ರೆಡಿಚ್ ಪಟ್ಟಣವು ಒಂದು ಕಾಲದಲ್ಲಿ ಸೂಜಿಗಳಿಗೂ ಗಾಳದ ಕೊಕ್ಕೆಗಳಿಗೂ ಲೋಕಪ್ರಸಿದ್ಧವಾಗಿತ್ತು.

ಎರೆಗೆ ನೊಣದ ಮರಿಹುಳುಗಳು, ಡಬ್ಬಿಯ ಸಿಹಿಜೋಳ, ಒಂದಿಷ್ಟು ಬ್ರೆಡ್ಡು. ಹುಳುಗಳನ್ನು ಇಲ್ಲಿ ಅಂಗಡಿಯಲ್ಲಿ ಪೈಂಟ್ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ, ಬೇಕೆಂದರೆ ಕೆಂಪು ಬಣ್ಣ ಹಾಕಿದವೂ ಸಿಗುತ್ತವೆ. ಮಲೆನಾಡಿನ ಮನೆಯ ಹಿತ್ತಿಲಿನಲ್ಲಿ, ಪಾತ್ರೆ ತೊಳೆದ ನೀರು ಹರಿಯುವ ಕಡೆ ಗುದ್ದಲಿಯಿಂದ ಎರೆಹುಳು ಅಗೆದುಕೊಳ್ಳುತ್ತಿದ್ದ ನನಗೆ ಹುಳುವಿಗೆ ದುಡ್ಡು ಕೊಡುವುದು ಇಂದಿಗೂ ಸಣ್ಣ ಅವಮಾನವೆನಿಸುತ್ತದೆ.

ನೀರಿಗೆ ಒಂದಿಷ್ಟು ಜೋಳವನ್ನೂ ಹುಳುವನ್ನೂ ಎರಚಿ, ಬೆಂಡು ನೆಟ್ಟಗೆ ನಿಲ್ಲುವಂತೆ ಗಾಳ ಹಾಕಿದ ಮೇಲೆ ಉಳಿದಿರುವುದು ನೋಡುವ ಕೆಲಸ. ಮೊದಲು ಬಂದವು ರಡ್. ಇವುಗಳ ಕೆಳದವಡೆ ಮುಂದಕ್ಕೆ ಚಾಚಿ ಬಾಯಿ ಮೇಲ್ಮುಖವಾಗಿರುವುದರಿಂದ ಎರೆ ತಳ ಮುಟ್ಟುವ ಮುಂಚೆಯೇ, ನೀರಿನ ಮೇಲ್ಪದರದಲ್ಲಿಯೇ ಬಾಯಿ ಹಾಕುತ್ತವೆ. ಅಂಗೈಯಗಲದ ರಡ್ ಮೀನಿನ ಹಿತ್ತಾಳೆ ಬಣ್ಣದ ಮೈಯೂ ರಕ್ತಗೆಂಪಿನ ರೆಕ್ಕೆಗಳೂ ಬೆಳಗಿನ ಬಿಸಿಲಿನಲ್ಲಿ ಹೊಳೆಯುವುದನ್ನು ನೋಡಿದವರು ಈ ಸೀಮೆಯ ಮೀನುಗಳಿಗೆ ಬಣ್ಣವಿಲ್ಲ ಎನ್ನಲಾರರು. ಬಳಿಕ ಬೆಳ್ಳಿಯ ಮೈಯ ಕೆಲವು ರೋಚ್, ನಡುವೆ ಬೆನ್ನಮುಳ್ಳನ್ನು ಸೆಟೆಸಿಕೊಂಡು ಬಂದ ಒಂದು ಪಟ್ಟೆಪಟ್ಟೆಯ ಪರ್ಚ್. ಇವೆಲ್ಲ ಸಣ್ಣವೇ. ಆದರೂ ಒಂದೊಂದರ ಕಚ್ಚುವಿಕೆಯೂ ಬೆಂಡಿನ ಮೇಲೆ ಬೇರೆಬೇರೆಯಾಗಿ ಕಾಣುತ್ತದೆ: ರೋಚ್ ಬೆಂಡನ್ನು ಮಿಟುಕಿಸಿ ಬಿಡುತ್ತದೆ, ಪರ್ಚ್ ಎರಡು ಸಲ ಕುಣಿಸಿ ಒಮ್ಮೆಲೇ ಎಳೆದೊಯ್ಯುತ್ತದೆ. ಬಾರಿಬಾರಿಗೂ ನೋಡಿ ಈ ಭೇದವನ್ನು ಕಣ್ಣಿಗೆ ರೂಢಿಸಿಕೊಳ್ಳುವುದೇ ಈ ಹವ್ಯಾಸದ ಮುಕ್ಕಾಲು ಪಾಲು ಆನಂದ ಎಂದು ನಾನು ನಂಬಿದ್ದೇನೆ.

ಏಳು ಗಂಟೆಯ ಸುಮಾರಿಗೆ ಎಲೆಗಳ ಅಂಚಿನಲ್ಲಿ ಗುಳ್ಳೆಗಳು ಏಳತೊಡಗಿದವು. ಕಾರ್ಪ್ ಮೀನು ಕೆಸರನ್ನು ಕೆದಕಿದಾಗ ದೊಡ್ಡ ಗುಳ್ಳೆಗಳು ಬರುತ್ತವೆ. ಇವು ಗುಂಡುಸೂಜಿಯ ತಲೆಯಷ್ಟು ಸಣ್ಣವು, ಗುಂಪುಗುಂಪಾಗಿ ಎದ್ದು, ನೊರೆಗಟ್ಟಿ, ಅಂಗುಲ ಅಂಗುಲವಾಗಿ ಮುಂದೆ ಸಾಗುವಂಥವು. ಟೆಂಚ್ ತಲೆಕೆಳಗಾಗಿ ಕೆಸರಿನಲ್ಲಿ ಮೂತಿಯಿಟ್ಟು ಮೇಯುತ್ತಿದೆ ಎಂಬುದಕ್ಕೆ ಇದೇ ಗುರುತು. ಟೆಂಚ್‌ಗೆಂದು ನಾನು ಗಾಳವನ್ನು ಬೇರೆ ರೀತಿಯಲ್ಲಿ ಕಟ್ಟುತ್ತೇನೆ. ಬೆಂಡಿನ ಕೆಳತುದಿಯನ್ನಷ್ಟೇ ದಾರಕ್ಕೆ ಸೇರಿಸಿ, ಕೊಕ್ಕೆಯಿಂದ ನಾಲ್ಕು ಬೆರಳು ಮೇಲೆ ಒಂದೇ ಒಂದು ಗುಂಡನ್ನು ಕಚ್ಚಿಸಿ, ಆ ಗುಂಡು ತಳದಲ್ಲಿ ಕೂರುವಂತೆ ಮಾಡಿ, ಬೆಂಡು ನಿಲ್ಲುವವರೆಗೆ ದಾರವನ್ನು ಬಿಗಿ ಮಾಡಬೇಕು. ಎರೆಯನ್ನು ಎತ್ತಿಕೊಂಡ ಮೀನು ತಲೆ ಮೇಲೆತ್ತಿದಾಗ ಗುಂಡೂ ತಳ ಬಿಟ್ಟೇಳುತ್ತದೆ. ಅದರ ಭಾರ ಮೀನಿನ ಬಾಯಿಗೆ ಹೋದದ್ದರಿಂದ ಬೆಂಡು ಮುಳುಗುವುದಿಲ್ಲ. ಮೇಲಕ್ಕೆದ್ದು, ಇನ್ನೂ ಎದ್ದು, ಕೊನೆಗೆ ನೀರಿನ ಮೇಲೆ ಅಡ್ಡಡ್ಡ ಮಲಗಿಬಿಡುತ್ತದೆ.

ಗುಳ್ಳೆಗಳು ಬೆಂಡಿನ ಸುತ್ತ ಬಂದು ಎಷ್ಟೋ ಹೊತ್ತು ಏನೂ ಆಗಲಿಲ್ಲ. ಒಮ್ಮೆ ಮೀನಿನ ಮೈ ದಾರಕ್ಕೆ ತಗುಲಿ ಬೆಂಡು ಓಲಾಡಿತು. ಏರೋಪ್ಲೇನ್ ಚಿಟ್ಟೆಯಂಥ ನೀಲಿ ಡ್ಯಾಮ್ಸೆಲ್ ಕೀಟವೊಂದು ಬೆಂಡಿನ ತುದಿಯಲ್ಲಿ ಬಂದು ಕುಳಿತಿತ್ತು. ಅದು ಹಾರಿದ್ದೂ ಕೆಂಪು ತುದಿ ಅರ್ಧ ಅಂಗುಲ ಮೇಲೆದ್ದದ್ದೂ ಒಟ್ಟಿಗೇ ಆಯಿತು. ಬೆಂಡು ಪೂರ್ತಿ ಮಲಗುತ್ತಿದ್ದಂತೆ ನಾನು ಕೋಲನ್ನು ಎತ್ತಿದೆ. ಟೆಂಚ್ ಕಾರ್ಪಿನಂತೆ ದೂರ ಓಡುವ ಮೀನಲ್ಲ. ತಳಕ್ಕೆ ಅಂಟಿಕೊಂಡು, ತಲೆ ಒದರುತ್ತ, ಎಲೆಗಳ ಬೇರಿನತ್ತ ಹಟದಿಂದ ಎಳೆಯುತ್ತದೆ. ಹದಿಮೂರು ಅಡಿಯ ಕೋಲು ಹಿಡಿಯವರೆಗೂ ಬಾಗಿ, ರೀಲಿನಿಂದ ತಂಗೂಸಿ ತುಸುತುಸುವಾಗಿ ಬಿಚ್ಚಿಕೊಳ್ಳುತ್ತಿತ್ತು. ಇನ್ನೇನು ಎಲೆಗಳ ಒಳಹೊಕ್ಕಿತು ಎನ್ನುವಾಗ ಅದು ತಿರುಗಿತು. ಆಮೇಲೂ ದಂಡೆಯ ಕೆಳಗೆ ಮತ್ತೆಮತ್ತೆ ಮುಳುಗಿ, ಕೊನೆಗೆ ಹಿಡಿಬಲೆಗೆ ಬಂತು.

ಒದ್ದೆ ಚಾಪೆಯ ಮೇಲೆ ಅದನ್ನು ಮಲಗಿಸಿ ನೋಡಿದೆ. ಕಂದು ಬೆರೆತ ಗಾಢ ಹಸಿರು ಮೈ, ಹೊಟ್ಟೆಯ ಕಡೆಗೆ ತಿಳಿಹೊನ್ನು. ಹುರುಪೆಗಳು ಎಷ್ಟು ಸಣ್ಣವೆಂದರೆ ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದೇ ಇಲ್ಲ, ಕೈಗೆ ಲೋಳೆಸರದ ತಿರುಳನ್ನು ಮುಟ್ಟಿದಂತಾಗುತ್ತದೆ. ಹೊಟ್ಟೆಯಡಿಯ ರೆಕ್ಕೆಗಳು ಅಗಲವಾಗಿ ಚಮಚದ ಆಕಾರದಲ್ಲಿದ್ದುದರಿಂದ ಗಂಡೆಂದು ತಿಳಿಯಿತು. ಬಾಯಿಯ ಮೂಲೆಯಲ್ಲಿ ಎರಡು ಪುಟ್ಟ ಮೀಸೆ, ಮತ್ತು ಆ ಕಣ್ಣು: ದೊಡ್ಡ ಮೈಗೆ ಹೊಂದದಷ್ಟು ಚಿಕ್ಕದಾದ, ಕಿತ್ತಳೆಗೆಂಪಿನ ಕಣ್ಣು. ಎರಡು ಕಿಲೋಗೆ ಸ್ವಲ್ಪ ಕಡಿಮೆ ಇದ್ದೀತು. ತಕ್ಕಡಿಗೆ ಏರಿಸದೆ ಹಾಗೆಯೇ ನೀರಿಗೆ ಇಳಿಸಿ ಹಿಡಿದೆ. ಕಿವಿರು ಆಡಿಸಿ, ಬಾಲ ಬೀಸಿ, ನನ್ನ ತೋಳಿಗೆಲ್ಲ ನೀರು ಸಿಡಿಸಿ ಹೋಯಿತು.

ಹಿಡಿದ ಮೀನನ್ನು ಬಿಡುವುದು ನಮ್ಮ ಕಡೆಯವರಿಗೆ ವಿಚಿತ್ರವೆನಿಸುತ್ತದೆ. ಊರಿನಲ್ಲಿ ಗಾಳಕ್ಕೆ ಸಿಕ್ಕ ಮೀನು ನೇರವಾಗಿ ಸಾರಿಗೆ ಹೋಗುತ್ತಿತ್ತು, ಆ ಸಾರನ್ನು ನಾನು ಈಗಲೂ ಬಿಟ್ಟುಕೊಡಲು ಸಿದ್ಧನಿಲ್ಲ. ಆದರೆ ಹಿಡಿದು ಬಿಡುವ ಪದ್ಧತಿ ನಮ್ಮ ನಾಡಿಗೂ ತೀರ ಹೊಸತಲ್ಲ. ಕಾವೇರಿಯ ದಂಡೆಯ ಭೀಮೇಶ್ವರಿಯಲ್ಲಿ ಮಹಶೀರ್ ಹಿಡಿದು ಮರಳಿ ನದಿಗೆ ಬಿಡುವ ಶಿಬಿರಗಳು ಬಹುಕಾಲ ನಡೆದವು, ಇಂಗ್ಲೆಂಡಿನ ಗಾಳಗಾರರು ಅದಕ್ಕಾಗಿಯೇ ಅಲ್ಲಿಗೆ ಬರುತ್ತಿದ್ದರು. ತಿನ್ನಲಿಕ್ಕಲ್ಲದೆ ಮೀನನ್ನು ನೋಯಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ; ಹಿಮ್ಮುಳ್ಳಿಲ್ಲದ ಕೊಕ್ಕೆಯೂ ಒದ್ದೆ ಕೈಯೂ ಅದಕ್ಕೆ ಪೂರ್ತಿ ಉತ್ತರವಲ್ಲ.

ಎದುರು ದಂಡೆಯಲ್ಲಿ ಕಾರ್ಪ್ ಬೇಟೆಯವರ ಡೇರೆಗಳಿದ್ದವು. ಮೂರು ದಿನಕ್ಕಾಗುವಷ್ಟು ಸಾಮಾನು ತಂದು, ಮೀನು ಕಚ್ಚಿದರೆ ಕೂಗಿ ಎಬ್ಬಿಸುವ ವಿದ್ಯುತ್ ಯಂತ್ರಗಳ ಮೇಲೆ ಕೋಲುಗಳನ್ನು ಒರಗಿಸಿ, ಅವರು ಒಳಗೆ ಮಲಗಿರುತ್ತಾರೆ. ಅವರು ಹಿಡಿಯುವ ಮೀನಿನ ತೂಕಕ್ಕೆ ನಮ್ಮದು ಸಾಟಿಯಲ್ಲ. ಆದರೂ ನೀರನ್ನು ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ ದಂಡೆಗೆ ಬರುವುದೇತಕ್ಕೆ ಎಂಬುದು ನನಗೆ ಬಗೆಹರಿದಿಲ್ಲ.

ಹತ್ತು ಗಂಟೆಗೆ ಬಿಸಿಲೇರಿ ಗುಳ್ಳೆಗಳು ನಿಂತವು. ಫ್ಲಾಸ್ಕಿನ ಕಾಫಿ, ಮನೆಯಿಂದ ಕಟ್ಟಿ ತಂದಿದ್ದ ಚಪಾತಿ ಪಲ್ಯ, ಒಂದು ಸಣ್ಣ ಮಳೆ, ಮಧ್ಯಾಹ್ನ ಚೀಟಿ ನೋಡಲು ಬಂದ ಸಂಘದ ಕಾವಲುಗಾರನೊಡನೆ ಹವೆಯ ಮಾತು. ಸಂಜೆ ಮತ್ತೆ ಟೆಂಚ್ ಬಂದವು, ಒಂದು ಎಲೆಗಳ ಒಳಹೊಕ್ಕು ತಪ್ಪಿಸಿಕೊಂಡಿತು. ಒಂದು ಕೆರೆಯ ರೋಗ, ಪರದೇಶದ ಸೀಗಡಿ ಇತ್ಯಾದಿ ಇನ್ನೊಂದಕ್ಕೆ ಹರಡಬಾರದೆಂದು ಬಲೆಗಳನ್ನು ಚೆನ್ನಾಗಿ ಒಣಗಿಸಬೇಕಾಗುತ್ತದೆ. ಹಾಗಾಗಿ ಮರುದಿನವೆಲ್ಲ ಹಿಡಿಬಲೆ ಹಿತ್ತಿಲಿನ ಬಟ್ಟೆಯ ತಂತಿಯ ಮೇಲೆ ನೇತಾಡುತ್ತಿತ್ತು, ಪಕ್ಕದ ಮನೆಯ ಬೆಕ್ಕು ಅದರಡಿ ಬಂದು ಕೂತಿತ್ತು. ಉಳಿದ ಹುಳುಗಳ ಡಬ್ಬಿಯನ್ನು ಫ್ರಿಜ್ಜಿನಿಂದ ತೆಗೆಯಬೇಕೆಂದು ಮನೆಯಲ್ಲಿ ಆಜ್ಞೆಯಾಗಿದೆ. ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಅವು ಕಂದುಬಣ್ಣದ ಕೋಶಗಳಾಗುತ್ತವೆ. ಹಾಗಾದವುಗಳನ್ನು ಕಂಡರೆ ದೊಡ್ಡ ರೋಚ್ ಮೀನುಗಳು ಬಿಡುವುದಿಲ್ಲ.