ಠುಸ್ ಎಂದ ಈಡು

ಕೊಪ್ಪದ ಹತ್ತಿರ ನನ್ನ ಸೋದರಮಾವನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು, ಬಾಯಿಯಿಂದ ಮದ್ದು ತುಂಬಿ, ಕೇಪು ಎಂಬ ಪುಟ್ಟ ಸಿಡಿಬಿಲ್ಲೆಯಿಂದ ಹೊತ್ತಿಸುವಂಥದ್ದು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದದ್ದು. ಅದು ಹಂದಿಗಳನ್ನು ಹೆದರಿಸಿದ್ದಕ್ಕಿಂತ ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂತು ಬಂದದ್ದೇ ಹೆಚ್ಚು. ಗೋಡೆಯಿಂದ ಕೋವಿ ಇಳಿಸಿದ ಕೂಡಲೇ ಮಾವ ಮಾಡುತ್ತಿದ್ದ ಮೊದಲ ಕೆಲಸ, ಗಜವನ್ನು, ಅಂದರೆ ಮದ್ದು ಒತ್ತುವ ಸಲಾಕೆಯನ್ನು, ನಳಿಗೆಯೊಳಗೆ ಬಿಡುವುದು. ಠಣ್ ಎಂದು ತಳ ಮುಟ್ಟಿದರೆ ಖಾಲಿ. ಗಜ ನಾಲ್ಕು ಬೆರಳು ಮೇಲೆಯೇ ನಿಂತರೆ ಯಾರೋ ಈಡು ತುಂಬಿ ಮರೆತಿದ್ದಾರೆ ಎಂದರ್ಥ. ಯಾರೋ ಎಂದರೆ ಅವನೇ. ಆ ಮನೆಯಲ್ಲಿ ಕೋವಿ ಮುಟ್ಟುತ್ತಿದ್ದವನು ಅವನೊಬ್ಬನೇ. ತನ್ನನ್ನೇ ನಂಬದ ಈ ಮನುಷ್ಯನನ್ನು ಕಂಡು ನಾವು ಹುಡುಗರು ಮುಸಿಮುಸಿ ನಗುತ್ತಿದ್ದೆವು.

ಮೂವತ್ತು ವರ್ಷಗಳಾದ ಮೇಲೆ, ಅರಿಜೋನಾದ ಫೀನಿಕ್ಸ್‌ನ ಅಂಚಿನಲ್ಲಿ, ಆ ಗಜ ನನಗೆ ಮತ್ತೆ ನೆನಪಾಯಿತು.

ಇಲ್ಲಿಗೆ ಬಂದು ಬಹಳ ವರ್ಷ ನಾನು ಬಂದೂಕಿನ ತಂಟೆಗೇ ಹೋಗಿರಲಿಲ್ಲ. ಹೋಗುವಂತೆಯೂ ಇರಲಿಲ್ಲ. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕಾಗಲಿ ತೋಟೆಯಾಗಲಿ ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಅಂಗಡಿಯಲ್ಲಿ ಹಾಲಿನ ಡಬ್ಬಿ ಕೊಂಡಂತೆ ತೋಟೆ ಕೊಳ್ಳುವ ದೇಶ ಎಂದು ಊರಿನವರು ತಿಳಿದಿರುತ್ತಾರೆ, ಈ ಸಣ್ಣ ಅಕ್ಷರ ಯಾರಿಗೂ ಕಾಣುವುದಿಲ್ಲ. ಗ್ರೀನ್ ಕಾರ್ಡ್ ಕೈಗೆ ಬರುವ ಹೊತ್ತಿಗೆ ನನ್ನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜನ ಸ್ನೇಹವೂ ಬೆಳೆದಿತ್ತು.

ಅಜ್ಜ ಎಂದು ಕರೆಯುವುದು ನಮ್ಮ ಮನೆಯೊಳಗೆ ಮಾತ್ರ. ಜೀವಮಾನವಿಡೀ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದವರು. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಎರಡು ಮೇಜು, ಬೋಲ್ಟು ಹಾಕಿ ಬಿಗಿದ ಒಂದು ಪ್ರೆಸ್, ಮದ್ದು ಅಳೆದು ಸುರಿಯುವ ಹಿಡಿಕೆಯುಳ್ಳ ಉಪಕರಣ, ಔಷಧಿ ಅಂಗಡಿಯಲ್ಲಿ ಇರುವಂಥ ಸೂಕ್ಷ್ಮ ತಕ್ಕಡಿ. ಒಮ್ಮೆ ಹಾರಿಸಿದ ಖಾಲಿ ತೋಟೆಗಳಿಗೆ ಮದ್ದಿಗೆ ಕಿಡಿ ಹಚ್ಚುವ ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ಜೀವ ಕೊಡುವುದು ಅವರ ಸಂಜೆಯ ಕೆಲಸ. ಅಗ್ಗವಾಗುತ್ತದೆ ಎನ್ನುತ್ತಾರೆ. ನಾನು ನೋಡಿದಂತೆ ಅಗ್ಗವೇನೂ ಇಲ್ಲ, ಇದು ಚಟ.

ಅವರ ಕಿಟಕಿಯ ಕಟ್ಟೆಯ ಮೇಲೆ ಸತ್ತುಹೋದ ಒಂದು ರಿವಾಲ್ವರ್ ಇದೆ. ಅವರ ಹಳೆಯ ಗೆಳೆಯರೊಬ್ಬರದು. ಆರು ಗುಂಡಿನ ಸಿಲಿಂಡರಿನ ಮೇಲಿನ ಮೂರು ಕೋಣೆಗಳು ಬಿರಿದ ಹತ್ತಿಕಾಯಿಯಂತೆ ತೆರೆದುಕೊಂಡಿವೆ. ಸಿಲಿಂಡರಿನ ಮೇಲೆ ಹಾದುಹೋಗುವ ಉಕ್ಕಿನ ಪಟ್ಟಿ ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿದೆ. ಹಾರಿಹೋದ ತುಂಡು ಗುರಿ ಅಭ್ಯಾಸದ ರೇಂಜಿನ ಮಾಡಿನ ಮರಕ್ಕೆ ನಾಟಿಕೊಂಡಿತಂತೆ. ಕನ್ನಡಕ ಹಾಕಿದ್ದರಿಂದ ಆತನ ಕಣ್ಣು ಉಳಿಯಿತು, ಹಣೆಗೆ ಹೊಲಿಗೆ ಬಿತ್ತು. ಮದ್ದು ಎರಡು ಪಟ್ಟು ಬಿದ್ದಿರಬೇಕು ಎಂಬುದು ಊಹೆ ಮಾತ್ರ. ಸಿಡಿದ ತೋಟೆ ಬಂದು ಸಾಕ್ಷಿ ಹೇಳುವುದಿಲ್ಲವಲ್ಲ.

ನನಗೆ ಅವರು ಪಾಠ ಶುರು ಮಾಡಿದ್ದು ಟೈರಿನ ಗಾಳಿ ನೋಡುವ ಮೀಟರಿನಿಂದ. ನನ್ನ ಕಾರಿನ ಚಕ್ರದೊಳಗೆ ಚದರ ಅಂಗುಲಕ್ಕೆ 35 ಪೌಂಡ್ ಒತ್ತಡ. .38 ಸ್ಪೆಷಲ್ ಎಂಬ ತೋಟೆ ಸಿಡಿದಾಗ ಅದರೊಳಗೆ ಅನುಮತಿಸಿದ ಗರಿಷ್ಠ ಒತ್ತಡ 17,000 ಪೌಂಡ್. ಡಬ್ಬಿಯ ಮೇಲೆ 'ಪ್ಲಸ್ ಪಿ', ಅಂದರೆ ಹೆಚ್ಚಿನ ಒತ್ತಡದ್ದು, ಎಂದಿದ್ದರೆ 20,000. ಅದರ ಅಣ್ಣನಂತಿರುವ .357 ಮ್ಯಾಗ್ನಮ್‌ಗೆ 35,000, ಅಂದರೆ ನನ್ನ ಟೈರಿನ ಸಾವಿರ ಪಟ್ಟು. ಈ ಮಿತಿಗಳನ್ನು ಗೊತ್ತುಮಾಡುವುದು 1926ರಲ್ಲಿ ಹುಟ್ಟಿದ ಸ್ಯಾಮಿ ಎಂಬ ತಯಾರಕರ ಸಂಸ್ಥೆ. 'ಪ್ಲಸ್ ಪಿ ಪ್ಲಸ್' ಎಂದು ಬರೆದಿರುವ ಡಬ್ಬಿಗಳಿಗೆ ಆ ಸಂಸ್ಥೆಯ ಮಿತಿಯೇ ಇಲ್ಲ, ತಯಾರಿಸಿದವನು ಹೇಳಿದ್ದೇ ಲೆಕ್ಕ. .357 ಅನ್ನು 1935ರಲ್ಲಿ ಹೊರತಂದಾಗ ತೋಟೆಯನ್ನು ಬೇಕೆಂದೇ ಮೂರು ಮಿಲಿಮೀಟರಿನಷ್ಟು ಉದ್ದ ಮಾಡಿದರು, .38ರ ಕೋಣೆಯೊಳಗೆ ಅದು ಕೂರಬಾರದು ಎಂದು. ಒಳ್ಳೆಯ ಬುದ್ಧಿ. ಆದರೆ ಪ್ಲಸ್ ಪಿ ತೋಟೆಗೆ ಅಂಥ ಅಡ್ಡಿಯೇನೂ ಇಲ್ಲ. ಅಳತೆ ಒಂದೇ ಆದದ್ದರಿಂದ ಅಜ್ಜನ ಹತ್ತಿರವಿದ್ದ 1940ರ ದಶಕದ ಮುದಿ ರಿವಾಲ್ವರಿನೊಳಕ್ಕೂ ಅದು ಸಲೀಸಾಗಿ ಇಳಿಯುತ್ತದೆ.

"ಒಳಗೆ ಹೋಯಿತು ಎಂಬುದು ಉತ್ತರವಲ್ಲ," ಎಂದರು. "ಡಬ್ಬಿ ಓದು. ಡಬ್ಬಿ ಇಲ್ಲವೇ, ಹಾರಿಸಬೇಡ."

ಡಬ್ಬಿ ಇಲ್ಲದ ತೋಟೆಗಳನ್ನು ನಾನೇ ತಯಾರಿಸುವ ದಿನವೂ ಬಂತು. ಫೆಬ್ರುವರಿಯ ಒಂದು ಶನಿವಾರ ರಾತ್ರಿ. ಐವತ್ತು ತೂತುಗಳ ಮರದ ಹಲಗೆಯಲ್ಲಿ ಐವತ್ತು ಖಾಲಿ ತೋಟೆಗಳು ಬಾಯಿ ತೆರೆದು ನಿಂತಿದ್ದವು. ಪ್ರೈಮರ್ ಕೂರಿಸಿಯಾಗಿತ್ತು. ಪ್ರೈಮರ್ ಎಂದರೆ ನಮ್ಮೂರಿನ ಕೇಪಿನ ತಮ್ಮ. ಒಂದೊಂದನ್ನೇ ಎತ್ತಿ ಮದ್ದಿನ ಕೊಳವೆಯ ಕೆಳಗೆ ಹಿಡಿದು ಹಿಡಿಕೆ ಎಳೆಯಬೇಕು, ಸುರ್ ಎಂದು ಬೀಳುತ್ತದೆ, ಹಲಗೆಗೆ ಮರಳಿಸಬೇಕು. ಬೀಳುವ ಮದ್ದು ಮೂರೂವರೆ ಗ್ರೇನ್. ಒಂದು ಗ್ರಾಂ ಎಂದರೆ ಸುಮಾರು 15.4 ಗ್ರೇನ್, ಹಾಗಾಗಿ ಇದು ಕಾಲು ಗ್ರಾಂ ಕೂಡ ಅಲ್ಲ. ಅಮ್ಮ ಸಾರಿಗೆ ಹಾಕುವ ಇಂಗಿಗಿಂತ ಸ್ವಲ್ಪ ಹೆಚ್ಚಿರಬಹುದು.

ಅಪಾಯ ಅಡಗಿರುವುದು ಇಲ್ಲೇ. ಈ ತೋಟೆ ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮಾವನ ಕೋವಿಯಲ್ಲಿದ್ದಂಥ ಕರಿಮದ್ದಿನ ಅಳತೆಗೆ. ಕರಿಮದ್ದಿಗೆ ಜಾಗ ಬೇಕು, ತೋಟೆ ತುಂಬ ಹಾಕಬೇಕು. ಈಗಿನ ಹೊಗೆರಹಿತ ಮದ್ದು ಅಷ್ಟು ಬೇಡ, ತಳದಲ್ಲಿ ತೆಳ್ಳಗೆ ಹರಡಿದರೆ ಸಾಕು. ಉಳಿದದ್ದೆಲ್ಲ ಖಾಲಿ. ಹಾಗಾಗಿ ಎರಡು ಸಲ ಸುರಿದರೂ ಉಕ್ಕುವುದಿಲ್ಲ, ಹೊರಗೆ ಚೆಲ್ಲುವುದಿಲ್ಲ, ಗುಂಡು ಎಂದಿನಂತೆ ಕೂರುತ್ತದೆ. ಹಾಲು ಉಕ್ಕಿದರೆ ಒಲೆಯೇ ಹೇಳುತ್ತದೆ. ಇಲ್ಲಿ ಹೇಳುವವರಿಲ್ಲ.

ಅರ್ಧ ಹಲಗೆ ಆಗಿತ್ತೇನೋ, ಜೇಬಿನಲ್ಲಿ ಮೊಬೈಲ್ ಗುಂಯ್‌ಗುಟ್ಟಿತು. ಅಮ್ಮ. ಅವರಿಗೆ ಭಾನುವಾರದ ಬೆಳಿಗ್ಗೆ ಎಂಟೂವರೆ, ಕಾಫಿ ಮುಗಿಸಿ ಮಗನನ್ನು ನೆನೆಯುವ ಹೊತ್ತು. ಕೈಯಲ್ಲಿದ್ದ ತೋಟೆಯನ್ನು ಹಲಗೆಯಲ್ಲಿಟ್ಟು ಹೊರಗೆ ಬಂದೆ. ಅಡಿಕೆ ಸುಲಿಯುವವರು ಸಿಗುತ್ತಿಲ್ಲ, ಮಂಗಗಳು ಬಾಳೆಗೊನೆ ಬಿಟ್ಟಿಲ್ಲ, ಮಾವನಿಗೆ ಮಂಡಿನೋವು. ಹತ್ತು ನಿಮಿಷವಾಯಿತು. ಮರಳಿ ಬಂದವನು ಕೊನೆಯದಾಗಿ ಇಟ್ಟದ್ದು ಇದೇ ಎಂದುಕೊಂಡು ಒಂದನ್ನು ಎತ್ತಿ ಹಿಡಿಕೆ ಎಳೆದೆ, ಮುಂದುವರಿಸಿದೆ.

ಗುಂಡು ಕೂರಿಸುವ ಮೊದಲು ಅಜ್ಜ ಒಂದು ಕೆಲಸ ಮಾಡುತ್ತಾರೆ. ದೀಪ ಆರಿಸಿ, ಸಣ್ಣ ಟಾರ್ಚ್ ಹಿಡಿದು, ಐವತ್ತೂ ಬಾಯಿಗಳೊಳಗೆ ಇಣುಕುತ್ತಾರೆ. ಮದ್ದಿನ ಮಟ್ಟ ಎಲ್ಲದರಲ್ಲೂ ಒಂದೇ ಇದೆಯೇ ಎಂದು. ಆ ರಾತ್ರಿ ಅವರ ಹೆಂಡತಿ ಒಳಗಿನಿಂದ ಕರೆದರು. ಬಾಗಿಲ ಹತ್ತಿರ ನಿಂತು ಕೇಳಿದರು, "ನೋಡಿದೆಯಾ?"

"ನೋಡಿದೆ," ಎಂದೆ.

ನೋಡಿರಲಿಲ್ಲ. ಒಂದು ಸಾಲಿನ ಮೇಲೆ ಟಾರ್ಚ್ ಆಡಿಸಿದ್ದೆ. ಹಸಿವಾಗಿತ್ತು.

ಮರುದಿನ ಬೆಳಿಗ್ಗೆ ಊರ ಹೊರಗಿನ ಬಯಲು ರೇಂಜಿಗೆ ಹೋದೆವು. ಎದುರಿಗೆ ಮಣ್ಣಿನ ದಿಬ್ಬ, ಅದರಾಚೆ ಕೈ ಎತ್ತಿ ನಿಂತ ಸಾಗ್ವಾರೊ ಪಾಪಾಸುಕಳ್ಳಿಗಳು. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ. ಮುದಿ ರಿವಾಲ್ವರಿಗೆ ಆರು ತೋಟೆ ತುಂಬಿ ಆರನ್ನೂ ಹಾರಿಸಿದೆ. ಕಾಗದದ ಮೇಲೆ ಆರು ತೂತು, ಹೆಮ್ಮೆಪಡುವಂಥದ್ದೇನೂ ಅಲ್ಲ. ಮತ್ತೆ ಆರು ತುಂಬಿದೆ. ಏಳು, ಎಂಟು.

ಒಂಬತ್ತನೆಯದು ಠುಸ್ ಎಂದಿತು.

ದೀಪಾವಳಿಯಲ್ಲಿ ನೆನೆದ ಪಟಾಕಿ ಮಾಡುವ ಸದ್ದು. ಕೈಗೆ ಒದೆತವೇ ಇಲ್ಲ. ನಾನು ನಕ್ಕೆನೆಂದು ತೋರುತ್ತದೆ. ಠುಸ್ ಪಟಾಕಿಗೆ ನಗುವುದು ನಮಗೆ ಹುಟ್ಟಿನಿಂದ ಬಂದದ್ದು. ಬೆರಳು ತನ್ನಷ್ಟಕ್ಕೆ ತಾನೇ ಟ್ರಿಗರನ್ನು ಮತ್ತೆ ಒತ್ತತೊಡಗಿತ್ತು. ರಿವಾಲ್ವರಿನ ಹಿಂಬದಿಯ ಸುತ್ತಿಗೆ ಅರ್ಧ ಎದ್ದದ್ದು ನನಗೆ ಕಂಡಿತು, ಸಿಲಿಂಡರ್ ತಿರುಗತೊಡಗಿದ್ದೂ ಕಂಡಿತು.

"ನಿಲ್ಲಿಸು!"

ಅಜ್ಜ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬೆರಳು ಸಡಿಲಿಸಿದೆ. "ಬಾಯಿ ದಿಬ್ಬದ ಕಡೆಗೇ ಇರಲಿ. ಅಲ್ಲಾಡಬೇಡ," ಎಂದು ಗಡಿಯಾರ ನೋಡುತ್ತ ನಿಂತರು. ಕೆಲವೊಮ್ಮೆ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಮೂವತ್ತು ಸೆಕೆಂಡು ಕಳೆದ ಮೇಲೆ ಒಂದು ನಿಮಿಷವಾಗಲಿ ಎಂದರು. ತೋಳು ನಡುಗತೊಡಗಿತ್ತು, ಭಾರಕ್ಕೇ ಎಂದುಕೊಂಡೆ.

ಸಿಲಿಂಡರ್ ಹೊರಕ್ಕೆ ತೆರೆದು ಮೂರು ಖಾಲಿ ತೋಟೆ, ಮೂರು ಜೀವಂತ ತೋಟೆ ಹೊರತೆಗೆದರು. ಹಿಂದಿನಿಂದ ನಳಿಗೆಗೆ ಕಣ್ಣಿಟ್ಟರು, ನನಗೂ ತೋರಿಸಿದರು. ಆಚೆ ತುದಿಯ ಬೆಳಕು ಕಾಣಬೇಕಾದಲ್ಲಿ ಕತ್ತಲೆ. ಮದ್ದಿಲ್ಲದ ತೋಟೆ ಅದು. ಪ್ರೈಮರ್ ಒಂದೇ ಸಿಡಿದು, ಗುಂಡನ್ನು ನಳಿಗೆಯೊಳಕ್ಕೆ ಎರಡು ಅಂಗುಲ ದೂಡಿ, ಕೈಚೆಲ್ಲಿ ಕೂತಿತ್ತು. ಅದರ ಹಿಂದೆ ನಾನು ಇನ್ನೊಂದನ್ನು ಹಾರಿಸಿದ್ದರೆ ಓಡಿಬರುವ ಗುಂಡು ನಿಂತ ಗುಂಡಿಗೆ ಗುದ್ದುತ್ತಿತ್ತು. ನಳಿಗೆ ಹಾವು ಇಲಿ ನುಂಗಿದಂತೆ ಉಬ್ಬುವುದು, ಕೆಲವೊಮ್ಮೆ ಸೀಳುವುದು ಹೀಗೆಯೇ.

ಗಜ ಬಂತು. ಮಾವನದು ಕಬ್ಬಿಣದ್ದು, ಅಜ್ಜನದು ಹಿತ್ತಾಳೆಯದು, ನಳಿಗೆಯ ಒಳಮೈ ಗೀಚದಿರಲೆಂದು. ಬಾಯಿಯ ಕಡೆಯಿಂದ ತೂರಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿದರು. ಎಂಟೋ ಒಂಬತ್ತೋ ಏಟಿಗೆ ಸೀಸದ ಗುಂಡು ಅವರ ಅಂಗೈಗೆ ಬಿತ್ತು. ಅದರ ಮೈಮೇಲೆ ನಳಿಗೆಯ ಸುರುಳಿಗೆರೆಗಳು ಅಚ್ಚೊತ್ತಿದ್ದವು, ಚಕ್ಕುಲಿ ಒರಳಿನಿಂದ ಹೊರಬಂದ ಹಿಟ್ಟಿನ ಮೇಲೆ ಬೀಳುತ್ತವಲ್ಲ, ಹಾಗೆ.

ಇನ್ನು ಉಳಿದವನ್ನು ಹಾರಿಸೋಣ ಎಂದು ನಾನು ಅಂದದ್ದು ನಿಜ. ಅಜ್ಜ ನನ್ನ ಮುಖ ನೋಡಿದರು.

"ಒಂದಕ್ಕೆ ಮದ್ದು ಬಿದ್ದಿಲ್ಲ. ಹಿಡಿಕೆ ಎಷ್ಟು ಸಲ ಎಳೆದೆ?"

ಲೆಕ್ಕ ಇಟ್ಟಿರಲಿಲ್ಲ. ಆದರೆ ಆ ಪ್ರಶ್ನೆಯೊಂದಿಗೆ ಹಿಂದಿನ ರಾತ್ರಿಯ ಹಲಗೆ ಕಣ್ಣ ಮುಂದೆ ಬಂತು. ಫೋನ್ ಬಂದಾಗ ಕೈಯಲ್ಲಿದ್ದದ್ದು ಮದ್ದು ಬೀಳದ ತೋಟೆ. ಅದನ್ನು ಮುಂದಿನ ಸಾಲಿನ ಮೊದಲ ತೂತಿಗೆ ಇಟ್ಟಿದ್ದೆ. ಬಂದ ಮೇಲೆ ಎತ್ತಿದ್ದು ಹಿಂದಿನ ಸಾಲಿನ ಕೊನೆಯದನ್ನು. ಮುಂದಿನ ಸಾಲಿನ ಮೊದಲನೆಯದು ಆಗಿದೆ ಎಂದುಕೊಂಡು ಅದನ್ನು ದಾಟಿ ಹೋಗಿರಬೇಕು. ಹಾಗಾದರೆ ಹಿಂದಿನ ಸಾಲಿನ ಕೊನೆಯದಕ್ಕೆ ಎರಡು ಸಲ ಬಿದ್ದಿರಬೇಕು. ಅದು ಈ ಡಬ್ಬಿಯಲ್ಲೇ ಎಲ್ಲೋ ಇದೆ.

ತೂಗಿ ನೋಡಿದರೆ ಗೊತ್ತಾಗುತ್ತದಲ್ಲ ಎಂದೆ, ಎಂಜಿನಿಯರನಂತೆ. ಗೊತ್ತಾಗುವುದಿಲ್ಲ. ಬೇರೆ ಬೇರೆ ಕಂಪನಿಯ ಖಾಲಿ ತೋಟೆಗಳ ತೂಕದಲ್ಲೂ ಗುಂಡುಗಳ ತೂಕದಲ್ಲೂ ಅಲ್ಲಲ್ಲಿ ಕೆಲವು ಗ್ರೇನ್ ವ್ಯತ್ಯಾಸ ಇರುತ್ತದೆ. ಮೂರೂವರೆ ಗ್ರೇನ್ ಅದರಲ್ಲಿ ಮುಳುಗಿಹೋಗುತ್ತದೆ. ಬಿಚ್ಚಲೇಬೇಕು.

ಮಧ್ಯಾಹ್ನವೆಲ್ಲ ಬಿಚ್ಚಿದೆವು. ಬಿಚ್ಚುವ ಉಪಕರಣ ಪ್ಲಾಸ್ಟಿಕ್ ಸುತ್ತಿಗೆಯಂತಿದೆ. ತೋಟೆಯನ್ನು ಅದರ ತಲೆಯೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು ತನ್ನ ಭಾರಕ್ಕೆ ತಾನೇ ಕಳಚಿ ಬೀಳುತ್ತದೆ, ಹಿಂದೆಯೇ ಮದ್ದು. ನಲವತ್ತೊಂದು ತೋಟೆ. ಪ್ರತಿಯೊಂದರ ಮದ್ದನ್ನೂ ತಕ್ಕಡಿಗೆ ಸುರಿದು ನೋಡುವುದು. 3.5. 3.5. 3.4. 3.5. ಮಗಳು ಬೇಲಿಯಾಚೆಯಿಂದ, ಅಪ್ಪ ಏನು ಕುಟ್ಟುತ್ತಿದ್ದಾರೆ ಎಂದು ತಾಯಿಯನ್ನು ಕೇಳುವುದು ಕೇಳಿಸಿತು. ಇಪ್ಪತ್ತೊಂಬತ್ತನೆಯದನ್ನು ಸುರಿದಾಗ ತಟ್ಟೆಯಲ್ಲಿ ಗುಡ್ಡೆ ದೊಡ್ಡದಾಗಿ ಕಂಡಿತು. ತಕ್ಕಡಿ 7.0 ತೋರಿಸಿತು.

ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು. ಅದು ರಿವಾಲ್ವರಿನೊಳಗೆ ಉಳಿದಿದ್ದ ಮೂರರಲ್ಲಿ ಒಂದಾಗಿತ್ತೇ ಎಂದು ನಾನು ಕೇಳಿದೆ. ಆ ಮೂರನ್ನೂ ನಾನೇ ಡಬ್ಬಿಗೆ ಹಾಕಿ ಕಲಸಿದ್ದೆ. ಗೊತ್ತಾಗುವ ದಾರಿ ಇರಲಿಲ್ಲ. ಅವರು ಉತ್ತರಿಸಲಿಲ್ಲ, ಕಿಟಕಿಯ ಕಟ್ಟೆಯ ಕಡೆಗೂ ನೋಡಲಿಲ್ಲ. ನೋಡಿದವನು ನಾನು. ಆಮೇಲೂ ಉಳಿದ ಹನ್ನೆರಡನ್ನು ಬಿಡದೆ ಬಿಚ್ಚಿಸಿದರು. ಬಿಚ್ಚಿದ ಮದ್ದನ್ನೆಲ್ಲ ತೆಗೆದುಕೊಂಡು ಹೋಗಿ ಗುಲಾಬಿ ಗಿಡಗಳ ಬುಡಕ್ಕೆ ಉದುರಿಸಿದರು, ಅದರಲ್ಲಿ ಸಾರಜನಕ ಇದೆಯಂತೆ.

ನೋಡಿದೆ ಎಂದು ಹೇಳಿದ್ದು ಸುಳ್ಳು ಎಂದು ಸಂಜೆ ಒಪ್ಪಿಕೊಂಡೆ. "ಗೊತ್ತು," ಎಂದರು. "ಮಟ್ಟ ನೋಡಿದವನಿಗೆ ಅದು ಕಾಣದೆ ಇರುವುದಿಲ್ಲ." ಮತ್ತೇನೂ ಹೇಳಲಿಲ್ಲ. ಸೀಸ ಮುಟ್ಟಿದ್ದೀಯ, ಕೈ ತೊಳೆದುಕೊಂಡು ಊಟಕ್ಕೆ ಕೂರು ಎಂದರು.

ಮುಂದಿನ ಶನಿವಾರ ಮತ್ತೆ ಹಲಗೆ, ಮತ್ತೆ ಐವತ್ತು. ಮದ್ದು ಬೀಳದವು ತಲೆಕೆಳಗಾಗಿ ನಿಂತಿರಬೇಕು, ಬಿದ್ದವು ಮಾತ್ರ ಬಾಯಿ ಮೇಲಾಗಿ ಎಂಬ ಹೊಸ ಕ್ರಮ. ಅಜ್ಜ ಮೊದಲು ಟಾರ್ಚನ್ನು ನನ್ನ ಕೈಗೆ ಕೊಟ್ಟರು. ಎಂಟು ಗಂಟೆಗೆ ಸರಿಯಾಗಿ ಜೇಬು ಗುಂಯ್‌ಗುಟ್ಟಿತು. ಅದು ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು.

ಒಂಬತ್ತಕ್ಕೆ ಮನೆಯ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ.

"ಯಾಕೋ ಎತ್ತಲಿಲ್ಲ? ಗಾಬರಿಯಾಯಿತು," ಎಂದರು ಅಮ್ಮ.

"ಎಣಿಸುತ್ತಿದ್ದೆ ಅಮ್ಮ. ನಡುವೆ ಬಿಟ್ಟರೆ ತಪ್ಪುತ್ತದೆ."

"ರಾತ್ರಿ ಹೊತ್ತು ಏನು ಎಣಿಸುವುದು? ಎಷ್ಟಾಯಿತು?"

"ಐವತ್ತು," ಎಂದೆ.