ಮಾತ್ರೆ ಬಿಡಿ ಅಂತ ನಾನೇ ಹೇಳಿದ್ದೆ

ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಕಡೆ, ಲೋಹ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಟೈಮ್ ಆಫೀಸ್ ಕೆಲಸ ನನ್ನದು. ಯಾರು ಬಂದರು, ಯಾರು ತಡ, ಯಾರ ಸಂಬಳ ಕಟ್, ಎಲ್ಲಾ ನನ್ನ ಟೇಬಲ್ಲಿಗೇ ಬರುತ್ತದೆ.

ಫೆಟ್ಲಿಂಗ್‌ನಲ್ಲಿ ಒಬ್ಬ ಅಣ್ಣ ಇದ್ದಾರೆ. ಗ್ರೈಂಡರ್ ಹಿಡಿದು ಎರಕದ ಅಂಚು ಉಜ್ಜುವ ಕೆಲಸ. ಭದ್ರಾವತಿಯಿಂದ ಬಸ್ಸಿಗೆ ಬರುತ್ತಾರೆ. ವರ್ಷಗಟ್ಟಲೆ ಒಂದು ದಿನ ತಪ್ಪಿಸಿದವರಲ್ಲ. ಹೋದ ಮಳೆಗಾಲದಿಂದ ಹಾಜರಿ ಕೆಟ್ಟಿತು. ಆರಕ್ಕೆ ಬರಬೇಕಾದವರು ಏಳೂವರೆಗೆ ಬರುತ್ತಿದ್ದರು. ನೈಟ್ ಶಿಫ್ಟ್ ಮುಗಿದ ಮರುವಾರ ಎರಡು ದಿನ ಗೈರು. ಕುಡಿತ ಇರಬೇಕು ಅಂದುಕೊಂಡೆವು. ಬಾಯಲ್ಲಿ ಯಾವತ್ತೂ ವಾಸನೆ ಇರಲಿಲ್ಲ, ಆದರೂ ಹಾಗೇ ಅಂದುಕೊಂಡೆವು.

ಒಂದು ಬೆಳಿಗ್ಗೆ ಹೆಬ್ಬೆರಳು ಒತ್ತಿ ಹೋದವರು ವಾಪಸ್ ಬಂದು ಮತ್ತೆ ಒತ್ತಿದರು. "ಸಾರ್, ನಾನು ಪಂಚ್ ಮಾಡಿದ್ನಾ?" ಕೂರಿಸಿ ಕೇಳಿದೆ. ಜೇಬಿನಿಂದ ಮಾತ್ರೆ ಶೀಟು ತೆಗೆದರು. ಆಲ್ಪ್ರಜೋಲಮ್, 0.5 ಮಿಲಿಗ್ರಾಂ. ಜೊತೆಗೆ ಒಂದು ಡಾಕ್ಟರ್ ಚೀಟಿ, ಮಡಿಕೆಯಲ್ಲೆಲ್ಲ ಹರಿದು, ಗಮ್ ಟೇಪ್ ಹಚ್ಚಿದ್ದು. ನೈಟ್ ಶಿಫ್ಟಿಂದ ನಿದ್ದೆ ಕೆಟ್ಟು, ಎರಡು ವರ್ಷದ ಹಿಂದೆ ಹತ್ತು ದಿನಕ್ಕೆ ಅಂತ ಬರೆಸಿದ್ದ ಮಾತ್ರೆ. ಅದೇ ಚೀಟಿಗೆ ಮೆಡಿಕಲ್‌ನವರು ಇನ್ನೂ ಕೊಡುತ್ತಿದ್ದರು. ದಿನಕ್ಕೆ ಒಂದಿದ್ದದ್ದು ಮೂರಾಗಿತ್ತು. ಇದು ಎಚ್1 ಪಟ್ಟಿಯ ಔಷಧ, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ್ದು. 2014ರಿಂದ ಇಂಥದ್ದನ್ನು ಮಾರಿದರೆ ರೋಗಿ ಹೆಸರು, ಡಾಕ್ಟರ್ ಹೆಸರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಯಾರು ಬರೆಯುತ್ತಿದ್ದರೋ!

ಆಗ ನಾನು ತಪ್ಪು ಮಾಡಿದೆ. "ಅಣ್ಣ, ಇವತ್ತಿಂದ ಒಂದೂ ಮುಟ್ಟಬೇಡಿ. ಇಲ್ಲಾಂದ್ರೆ ಮೆಮೊ ಕೊಡಬೇಕಾಗುತ್ತೆ" ಅಂದೆ. ಮಾತಿಗೆ ನಿಂತವರು ಅವರು. ಪೂರ್ತಿ ಬಿಟ್ಟರು. ಎರಡು ರಾತ್ರಿ ನಿದ್ದೆ ಇಲ್ಲ, ಕೈ ನಡುಕ. ಮೂರನೇ ದಿನ ಮನೆಯಲ್ಲಿ ಫಿಟ್ಸ್ ಬಂತು. ಗ್ರೈಂಡರ್ ಕೈಯಲ್ಲಿದ್ದಾಗ ಬಂದಿದ್ದರೆ? ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಡಾಕ್ಟರ್ ಬಿಡಿಸಿ ಹೇಳಿದರು. ತಿಂಗಳುಗಟ್ಟಲೆ ತಗೊಂಡರೆ ಮೆದುಳು ಆ ಮಾತ್ರೆಗೇ ಒಗ್ಗಿಕೊಂಡಿರುತ್ತದೆ. ಒಂದೇ ಸಲಕ್ಕೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಡಾಕ್ಟರ್ ಹೇಳಿದ ಲೆಕ್ಕದಲ್ಲಿ, ವಾರವಾರ ಸ್ವಲ್ಪಸ್ವಲ್ಪ ಇಳಿಸುತ್ತಾ ಬರಬೇಕು. ಹಗಲಿನ ಮಂಪರು, ಮರೆವು ಎರಡೂ ಮಾತ್ರೆಯದ್ದೇ.

ಇನ್ನೊಂದು ನೋವು ಅಂದರೆ ಸಂಬಳ. ಅಣ್ಣ ಇಎಸ್‌ಐಗೆ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಗೆ, ಸೇರಿದವರು. ಡಾಕ್ಟರ್ ಸರ್ಟಿಫಿಕೇಟ್ ಇದ್ದಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70 ಸಿಗುತ್ತಿತ್ತು. ನಾನು ಸುಮ್ನೆ "ಗೈರು" ಅಂತ ಬರೆದು ಸಂಬಳ ಹಿಡಿಯುತ್ತಾ ಹೋಗಿದ್ದೆ. ಈ ಸಲ ನಾನೇ ಓಡಾಡಿ ಕಾಗದಪತ್ರ ಮಾಡಿಸಿದೆ.

ಈಗ ಹಾಜರಿ ಕೆಟ್ಟರೆ ಮೊದಲು ಶಿಫ್ಟ್ ನೋಡುತ್ತೇನೆ. "ಯಾಕೆ ಬರಲಿಲ್ಲ" ಅನ್ನುವ ಮೊದಲು "ನಿದ್ದೆ ಬರ್ತಿದೆಯಾ?" ಅಂತ ಕೇಳುತ್ತೇನೆ. ಪಂಚಿಂಗ್ ಮಿಷನ್ ಪಕ್ಕ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅಂಟಿಸಿದ್ದೇನೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಣ್ಣ ಈಗ ಹಗಲು ಶಿಫ್ಟಿನಲ್ಲಿದ್ದಾರೆ, ಇನ್‌ಸ್ಪೆಕ್ಷನ್ ಟೇಬಲ್‌ನಲ್ಲಿ. ಮೊನ್ನೆ ಊಟದ ಹೊತ್ತಿಗೆ ಕಾಗದದ ಪೊಟ್ಟಣ ಬಿಚ್ಚಿ ತೋರಿಸಿದರು. ಬ್ಲೇಡಲ್ಲಿ ಕೊಯ್ದ ಮಾತ್ರೆ. "ಸಾರ್, ಡಾಕ್ಟರ್ ಈ ವಾರದಿಂದ ಅರ್ಧ ಅಂದಿದಾರೆ."